ಸಿಂಹಕ್ಕೆ ಜೀವ ಕೊಟ್ಟವರ ಸಹಿ ಸಂಗ್ರಹ

ಎಂಟಡಿ ಎತ್ತರದ ಒಂದು ಜೀವ ಮೊದಲ ಸಲ ಕಣ್ಣು ಬಿಟ್ಟಿತು. ಅದನ್ನು ಮಾಡಿದವನು ಆಗ ಏನು ಮಾಡಿದ ಅಂದುಕೊಂಡಿದ್ದೀರಿ? ಹೋಗಿ ಮಲಗಿದ.

ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ಮಹಾನುಭಾವನ ವಿಷಯ ಇದು. 1818ರಲ್ಲಿ ಮೇರಿ ಶೆಲ್ಲಿಯ ಕಾದಂಬರಿ ಬಂದಾಗ ಅವನು ಬರೀ ಕಾಲೇಜು ಹುಡುಗ. ಡಾಕ್ಟರ್ ಪಟ್ಟ ಕಟ್ಟಿದ್ದು ಆಮೇಲಿನ ಸಿನಿಮಾದವರು. ಹೆಚ್ಚುಕಡಿಮೆ ಎರಡು ವರ್ಷ ಊಟ ನಿದ್ದೆ ಬಿಟ್ಟು, ಶವಾಗಾರ, ಕಸಾಯಿಖಾನೆ ಎಲ್ಲ ಸುತ್ತಿ ಸಾಮಾನು ಒಟ್ಟುಮಾಡಿದ. ಎಂಟಡಿಯೇ ಯಾಕೆ? ಸಣ್ಣ ಸಣ್ಣ ಭಾಗ ಜೋಡಿಸುತ್ತಾ ಕೂತರೆ ಹೊತ್ತು ಜಾಸ್ತಿ ಹಿಡಿಯುತ್ತದಂತೆ. ದೊಡ್ಡದಾಗಿ ಮಾಡಿದರೆ ಬೇಗ ಮುಗಿಯುತ್ತದೆ. ಶುಕ್ರವಾರ ಸಂಜೆಯೊಳಗೆ ಸಾಫ್ಟ್‌ವೇರ್ ಬಿಡುಗಡೆ ಮಾಡಿದವರಿಗೆ ಈ ತರ್ಕವನ್ನು ನಾನು ವಿವರಿಸಬೇಕಾಗಿಲ್ಲ.

ಜೀವ ಬಂತು. ಹಳದಿ ಕಣ್ಣು ನೋಡಿದ್ದೇ ಇವನಿಗೆ ಹೇಸಿಗೆಯಾಯಿತು. ಕೋಣೆಗೆ ಹೋಗಿ ಹಾಸಿಗೆ ಸೇರಿದ. ಅದು ಹುಡುಕಿಕೊಂಡು ಬಂದು ಕೈ ಚಾಚಿದಾಗ ಎದ್ದು ಅಂಗಳಕ್ಕೆ ಓಡಿದ. ಮರುದಿನ ಗೆಳೆಯನ ಜೊತೆ ಅಳುಕುತ್ತಲೇ ವಾಪಸ್ ಬಂದು ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ. ಆಗ ನಮ್ಮ ಹುಡುಗ ಖುಷಿಯಿಂದ ಚಪ್ಪಾಳೆ ತಟ್ಟಿದ. ಇದು ನಾನು ಸೇರಿಸಿದ ಒಗ್ಗರಣೆ ಅಲ್ಲ, ಪುಸ್ತಕದಲ್ಲೇ ಇದೆ. ಹೆಸರಿಲ್ಲದ, ಮಾತು ಬಾರದ, ಎಂಟಡಿಯ ಕೂಸೊಂದು ಊರಲ್ಲಿ ಎಲ್ಲೋ ಅಲೆಯುತ್ತಿದೆ. ಅಪ್ಪನಿಗೆ ಮನೆ ಖಾಲಿಯಾದ ಸಂಭ್ರಮ.

ಇನ್ನೂರು ವರ್ಷ ನಾವು ಇದನ್ನು ‘ವಿಜ್ಞಾನ ಮಿತಿ ಮೀರಿದರೆ ಹೀಗಾಗುತ್ತೆ’ ಅನ್ನುವ ಕತೆ ಎಂದು ಓದಿಕೊಂಡು ಬಂದೆವು. ನನಗೆ ಇದು ಮಗು ಹುಟ್ಟಿದ ದಿನವೇ ಬಸ್ಸು ಹತ್ತಿದ ಅಪ್ಪನ ಕತೆ. ಆದರೂ ಜನ ರಾಕ್ಷಸ ಅಂದದ್ದು ಮಗುವನ್ನು. ಅದೂ ಸಾಲದೆ ಅಪ್ಪನ ಹೆಸರನ್ನೇ ಅದಕ್ಕೆ ಅಂಟಿಸಿಬಿಟ್ಟರು. ಈಗ ಫ್ರಾಂಕೆನ್‌ಸ್ಟೈನ್ ಅಂದರೆ ಎಲ್ಲರಿಗೂ ನೆನಪಾಗುವುದು ಚಪ್ಪಟೆ ತಲೆ, ಕುತ್ತಿಗೆಯ ಬೋಲ್ಟು. ಮಾಡಿದವನು ನುಣುಚಿಕೊಂಡ.

ಆ ಚಪ್ಪಟೆ ತಲೆ ಬಂದದ್ದು 1931ರ ಸಿನಿಮಾದಿಂದ. ಶುರುವಿನ ಪಾತ್ರವರ್ಗದಲ್ಲಿ ಆ ಜೀವದ ಮುಂದೆ ನಟನ ಹೆಸರು ಹಾಕದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ಬೋರಿಸ್ ಕಾರ್ಲಾಫ್ ಹೆಸರು ಕಾಣಿಸುವುದು ಕೊನೆಗೆ. ಅದರಲ್ಲಿ ಕೆರೆಯ ದಂಡೆಯ ಒಂದು ದೃಶ್ಯ ಇದೆ. ಮಾರಿಯಾ ಎಂಬ ಪುಟ್ಟ ಹುಡುಗಿ ಒಬ್ಬಳೇ ಆಡುತ್ತಿರುತ್ತಾಳೆ. ಅದನ್ನು ಕಂಡು ಇವಳು ಹೆದರುವುದಿಲ್ಲ. ಕೈ ಹಿಡಿದು ಕರೆತಂದು ಕೂರಿಸಿ, ಕೈಗೆ ಹೂವು ಕೊಡುತ್ತಾಳೆ. ಹೂವನ್ನು ನೀರಿಗೆ ಹಾಕಿದರೆ ದೋಣಿಯ ಹಾಗೆ ತೇಲುತ್ತದೆ ಅಂತ ತೋರಿಸುತ್ತಾಳೆ. ಅದು ನಗುತ್ತದೆ. ಒಂದೊಂದೇ ಹೂವು ಹಾಕುತ್ತದೆ. ಹೂವು ಮುಗಿಯುತ್ತದೆ. ಖಾಲಿ ಕೈ ನೋಡಿಕೊಳ್ಳುತ್ತದೆ. ಆಮೇಲೆ ಹುಡುಗಿಯನ್ನು ಎತ್ತಿ ನೀರಿಗೆ ಹಾಕುತ್ತದೆ. ಹೂವಿನ ಹಾಗೆ ಇವಳೂ ತೇಲುತ್ತಾಳೆ ಅಂದುಕೊಂಡಿರಬೇಕು, ಪಾಪ.

ಸೆನ್ಸಾರಿನವರು ಈ ದೃಶ್ಯದ ಕೊನೆಗೆ ಕತ್ತರಿ ಹಾಕಿದರು. ಅದು ಹುಡುಗಿಯ ಕಡೆ ಕೈ ಚಾಚುವಲ್ಲಿಗೆ ನಿಂತುಹೋಯಿತು. ಮುಂದೇನಾಯಿತು ಎಂದು ಕಾಣದ ಜನ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಂಡರು. ಸೆನ್ಸಾರಿಗೆ ಮೊದಲಿಂದಲೂ ಕೈಗುಣ ಹಾಗೇ.

ಆ ಹೊತ್ತಿಗೆ ಸೃಷ್ಟಿಕರ್ತ ಎಲ್ಲಿದ್ದ? ಮದುವೆ ಮನೆಯಲ್ಲಿ. ಅವನದೇ ಮದುವೆ. ಊರೆಲ್ಲ ಕುಣಿಯುತ್ತಿದೆ, ಕುಡಿಯುತ್ತಿದೆ. ಆ ಗದ್ದಲದ ನಡುವೆ ಮಾರಿಯಾಳ ಅಪ್ಪ ಒದ್ದೆ ಹೆಣವನ್ನು ಎತ್ತಿಕೊಂಡು ನಡೆದು ಬರುತ್ತಾನೆ. ಅವನು ದಾಟಿದಲ್ಲೆಲ್ಲ ಕುಣಿತ ನಿಲ್ಲುತ್ತದೆ. ಕಡೆಗೆ ಸೃಷ್ಟಿಯನ್ನು ಗಾಳಿಗಿರಣಿಯಲ್ಲಿ ಕೂಡಿ ಸುಡುತ್ತಾರೆ. ಮಾಡಿದವನೂ ಸಾಯಬೇಕು ಅಂತಲೇ ಮೊದಲು ಇತ್ತು. ತೀರಾ ಸಂಕಟದ ಮುಕ್ತಾಯ ಬೇಡ ಅನ್ನಿಸಿ ಸ್ಟುಡಿಯೋದವರು ಅವನನ್ನು ಬದುಕಿಸಿದರು. ಅವನ ಮುದಿ ಅಪ್ಪ ವೈನ್ ಲೋಟ ಎತ್ತಿ ‘ನಮ್ಮ ವಂಶ ಬೆಳೆಯಲಿ’ ಎನ್ನುವಲ್ಲಿಗೆ ಶುಭಂ. 1935ರಲ್ಲಿ ಮುಂದಿನ ಭಾಗ. ಈ ಸಲ ಅದಕ್ಕೊಂದು ಹೆಣ್ಣು. ಊರವರು ಅದನ್ನು ಸುಟ್ಟಿದ್ದಕ್ಕೆ ಸಿಕ್ಕ ಪರಿಹಾರ ವರ್ಷನ್ ಎರಡು.

ನಮ್ಮ ಕಡೆ ರೋಬೋಟ್ ಮಾಡಿದರೆ ಕತೆ ಬೇರೆ. ಉಪೇಂದ್ರ 2002ರಲ್ಲೇ ‘ಹಾಲಿವುಡ್’ ಎಂಬ ಕನ್ನಡ ಸಿನಿಮಾದಲ್ಲಿ ರೋಬೋಟ್ ಆಗಿ ಪ್ರೀತಿಗೆ ಬಿದ್ದಿದ್ದರು. 2010ರಲ್ಲಿ ರಜನಿಕಾಂತರ ಚಿಟ್ಟಿಯೂ ಬಿದ್ದ. ಭೂಮಿ ನಾಶ ಆಮೇಲೆ ನೋಡಿಕೊಂಡರಾಯಿತು, ಮೊದಲು ಡ್ಯೂಯೆಟ್.

ಹಾಲಿವುಡ್ಡಿನ ಅಪ್ಪಂದಿರಲ್ಲಿ ನನಗೆ ಸ್ವಲ್ಪ ಗೌರವ ಇರುವುದು 1986ರ ‘ದಿ ಫ್ಲೈ’ ವಿಜ್ಞಾನಿಯ ಮೇಲೆ. ಇಲ್ಲಿದ್ದದ್ದನ್ನು ಕ್ಷಣದಲ್ಲಿ ಅಲ್ಲಿಗೆ ಸಾಗಿಸುವ ಯಂತ್ರ ಅವನದು. ಒಂದು ಬಬೂನ್ ಒಳಹೊರಗಾಗಿ ಸತ್ತ ಮೇಲೆ, ಇನ್ನೊಂದು ಬದುಕಿದ ಮೇಲೆ, ಕುಡಿದ ಅಮಲಿನಲ್ಲೇ ಆದರೂ ಯಂತ್ರದೊಳಗೆ ತಾನೇ ಹೋಗಿ ನಿಂತ. ಜೊತೆಗೆ ನೊಣ ನುಗ್ಗಿದ್ದು ಅವನ ಗ್ರಹಚಾರ. ಪ್ರಯೋಗ ತನ್ನ ಮೈಮೇಲೆ ಮಾಡಿಕೊಂಡ, ಅಷ್ಟು ಸಾಕು. ಈಗಿನವರು ಪ್ರಯೋಗವನ್ನು ನಮ್ಮ ಮೇಲೆ ಮಾಡಿ ಅದಕ್ಕೆ ‘ಬೀಟಾ’ ಅಂತ ಹೆಸರಿಡುತ್ತಾರೆ.

1993ರ ‘ಜುರಾಸಿಕ್ ಪಾರ್ಕ್’ನಲ್ಲಿ ದ್ವೀಪದ ಮೇಲೆ ಡೈನೋಸಾರ್ ಹುಟ್ಟಿಸಿದ ಮುದುಕನನ್ನು ನೋಡಿ. ಖರ್ಚಿಗೆ ಹಿಂದೆಮುಂದೆ ನೋಡಿಲ್ಲ ಅಂತ ಸಿನಿಮಾದುದ್ದಕ್ಕೂ ಹೇಳಿಕೊಳ್ಳುತ್ತಾನೆ. ಐಸ್‌ಕ್ರೀಮಿಗೂ ಹೇಳುತ್ತಾನೆ. ಆದರೆ ಇಡೀ ದ್ವೀಪದ ಕಂಪ್ಯೂಟರ್ ವ್ಯವಸ್ಥೆ ನಿಂತಿರುವುದು ಸಂಬಳದ ವಿಷಯಕ್ಕೆ ಮುನಿಸಿಕೊಂಡ ಒಬ್ಬನ ಮೇಲೆ. ಅವನು ಭ್ರೂಣ ಕದಿಯಲು ಹೋಗುವಾಗ ವ್ಯವಸ್ಥೆ ಆರಿಸುತ್ತಾನೆ, ಬೇಲಿಯ ಕರೆಂಟೂ ಹೋಗುತ್ತದೆ. ಬೆಂಗಳೂರಿನ ಐಟಿ ಮಂದಿ ಇದನ್ನು ಡೈನೋಸಾರ್ ಸಿನಿಮಾ ಅಂತ ಒಪ್ಪುವುದಿಲ್ಲ. ಅವರ ಪ್ರಕಾರ ಅಲ್ಲಿ ಜನರನ್ನು ತಿಂದಿದ್ದು ಅಪ್ರೈಸಲ್.

ಇಷ್ಟೆಲ್ಲ ನೋಡಿ ಬೆಳೆದವರು ಈಗ ಎಐ, ಅಂದರೆ ಕೃತಕ ಬುದ್ಧಿಯ ಕಂಪನಿ ಕಟ್ಟಿದ್ದಾರೆ. ಹಿಂದಿನವರಿಗೆ ತಲೆಗೇ ಹೊಳೆಯದ ಒಂದು ಉಪಾಯ ಇವರಿಗೆ ಹೊಳೆದಿದೆ.

ಪಂಚತಂತ್ರದ ಸಿಂಹದ ಕತೆ ನೆನಪಿದೆ ಅಲ್ವಾ? ನಾಲ್ವರು ಗೆಳೆಯರು ಕಾಡಿನಲ್ಲಿ ಹೋಗುತ್ತಿದ್ದರು. ಮೂವರು ಭಾರೀ ಓದಿದವರು, ನಾಲ್ಕನೆಯವನು ದಡ್ಡ ಅನ್ನಿಸಿಕೊಂಡವನು. ದಾರಿಯಲ್ಲಿ ಸತ್ತ ಸಿಂಹದ ಮೂಳೆ ಸಿಕ್ಕಿತು. ಒಬ್ಬ ಮೂಳೆ ಜೋಡಿಸಿದ, ಇನ್ನೊಬ್ಬ ಮಾಂಸ ಚರ್ಮ ತುಂಬಿದ, ಮೂರನೆಯವನು ಜೀವ ಕೊಡಲು ಕೂತ. ನಾಲ್ಕನೆಯವನು ‘ಒಂದು ನಿಮಿಷ ತಡೀರಪ್ಪ, ಮರ ಹತ್ತಿಕೊಳ್ತೀನಿ’ ಅಂದ. ಸಿಂಹ ಎದ್ದು ಮೂವರನ್ನೂ ತಿಂದಿತು.

ಈಗಿನ ಉಪಾಯ ಏನೆಂದರೆ, ಸಿಂಹ ಮಾಡುವವರೇ ಮರದ ಮೇಲೂ ಕೂತಿದ್ದಾರೆ. ಒಂದು ಕೈಯಲ್ಲಿ ಮಂತ್ರ, ಇನ್ನೊಂದು ಕೈಯಲ್ಲಿ ಮೈಕು. ‘ಮಹಾಜನಗಳೇ, ಈ ಸಿಂಹ ಭಯಂಕರ, ಸರ್ಕಾರ ಕೂಡಲೇ ಏನಾದರೂ ಮಾಡಬೇಕು. ಅಂದಹಾಗೆ ಮುಂದಿನ ತಿಂಗಳು ಇದಕ್ಕೆ ಇನ್ನೂ ಉದ್ದದ ಹಲ್ಲು ಬರುತ್ತಿದೆ, ಈಗಲೇ ಚಂದಾದಾರರಾಗಿ.’

ಸುಮ್ನೆ ಹೇಳುತ್ತಿಲ್ಲ. 2023ರ ಮೇ ಕೊನೆಯಲ್ಲಿ ಒಂದೇ ವಾಕ್ಯದ ಹೇಳಿಕೆಯೊಂದು ಬಂತು. ಇಂಗ್ಲಿಷಿನಲ್ಲಿ ಲೆಕ್ಕ ಹಾಕಿದರೆ 22 ಪದ. ಎಐನಿಂದ ಮನುಕುಲವೇ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧದಷ್ಟೇ ಗಂಭೀರವಾಗಿ ನೋಡಬೇಕು ಎಂಬುದು ಸಾರಾಂಶ. ಸಹಿ ಹಾಕಿದವರಲ್ಲಿ ಓಪನ್‌ಎಐ, ಗೂಗಲ್ ಡೀಪ್‌ಮೈಂಡ್, ಆಂಥ್ರೊಪಿಕ್ ಎಂಬ ಎಐ ಕಂಪನಿಗಳ ಮುಖ್ಯಸ್ಥರೂ ಇದ್ದರು. ಅಂದರೆ ಕ್ರಮವಾಗಿ ಮೂಳೆ, ಮಾಂಸ, ಜೀವ. ಮರುದಿನ ಮೂವರೂ ಆಫೀಸಿಗೆ ಹೋದರು. ಹೋಗಿ ಏನು ಮಾಡಿದರು ಅಂತ ಕೇಳಬೇಡಿ. ಬಾಡಿಗೆ ಕಟ್ಟಬೇಕಲ್ಲ.

ಎಲಾನ್ ಮಸ್ಕ್ ಅವರದು ಇನ್ನೂ ರಸವತ್ತಾದ ಪ್ರಸಂಗ. 2014ರ ಅಕ್ಟೋಬರಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಭೆಯಲ್ಲಿ, ಎಐ ಮಾಡುವುದೆಂದರೆ ದೆವ್ವವನ್ನು ಕರೆದಂತೆ ಅಂದರು. 2015ರ ಡಿಸೆಂಬರಿನಲ್ಲಿ ಓಪನ್‌ಎಐ ಸ್ಥಾಪಕರಲ್ಲಿ ಒಬ್ಬರಾದರು. 2023ರ ಮಾರ್ಚಿನಲ್ಲಿ, ದೊಡ್ಡ ಎಐ ಪ್ರಯೋಗಗಳನ್ನು ಆರು ತಿಂಗಳು ನಿಲ್ಲಿಸಿ ಎಂಬ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಅದೇ ತಿಂಗಳು ಅಮೆರಿಕದ ನೆವಾಡಾದಲ್ಲಿ ಅವರ ಸ್ವಂತ ಎಐ ಕಂಪನಿ ನೋಂದಣಿಯಾಗಿತ್ತು. ಜುಲೈಯಲ್ಲಿ ಅಧಿಕೃತ ಘೋಷಣೆ. ಊರ ಓಣಿಯಲ್ಲಿ ‘ಇಲ್ಲಿ ದೆವ್ವ ಇದೆ, ಯಾರೂ ಬರಬೇಡಿ’ ಅಂತ ಬೋರ್ಡ್ ಹಾಕಿ, ಒಳಗೆ ತಾನೊಬ್ಬನೇ ಸೈಟು ಅಳೆದುಕೊಳ್ಳುವವರನ್ನು ನಾವೂ ಕಂಡಿದ್ದೇವೆ.

ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ 2023ರ ಮೇ 16ರಂದು ಅಮೆರಿಕದ ಸೆನೆಟ್ ಮುಂದೆ ಕೂತು, ನಮಗೆ ಲೈಸೆನ್ಸ್ ಕೊಡುವ ಒಂದು ಸಂಸ್ಥೆ ಮಾಡಿ ಅಂತ ತಾವೇ ಕೇಳಿದರು. ನಿಯಂತ್ರಣ ಬೇಕು ಅಂತ ವ್ಯಾಪಾರಿಯೇ ಬೇಡುವುದನ್ನು ನೋಡಿ ಸೆನೆಟರುಗಳು ಕರಗಿಹೋದರು. ಮುಂದಿನ ವಾರ ಲಂಡನ್ನಿನಲ್ಲಿ ಇದೇ ಮನುಷ್ಯ, ಯುರೋಪಿನ ನಿಯಮ ಪಾಲಿಸಲು ಆಗದಿದ್ದರೆ ಅಲ್ಲಿಂದ ಹೊರಡುತ್ತೇವೆ ಅಂದರು. ಎರಡು ದಿನ ಬಿಟ್ಟು, ಇಲ್ಲ ಇಲ್ಲ, ಹೋಗುವ ಯೋಚನೆಯೇ ಇಲ್ಲ ಅಂದರು. ಕಡಿವಾಣ ಬೇಕು, ಆದರೆ ಬಾಯಿಗೆ ಹಾಕಬಾರದು.

ನಮ್ಮ ಶಿವನೂ ಹೀಗೇ ವರ ಕೊಟ್ಟು ಓಡಿದವನೇ. ಯಾಣದ ಕಪ್ಪು ಬಂಡೆಗಳನ್ನು ನೋಡಿದವರಿಗೆಲ್ಲ ಆ ಕತೆ ಗೊತ್ತು, ಭಸ್ಮಾಸುರ ಸುಟ್ಟು ಬಿದ್ದದ್ದು ಅಲ್ಲಂತೆ. ಆದರೆ ಓಡುವಾಗ ಶಿವ ನಿಜಕ್ಕೂ ಓಡಿದ. ನಡುವೆ ನಿಂತು ಭಸ್ಮಾಸುರ 2.0 ಪ್ರಕಟಿಸಲಿಲ್ಲ. ತನ್ನ ತಲೆಯೇ ಅಪಾಯದಲ್ಲಿದೆ ಅಂತ ಹೇಳಿ ಹೂಡಿಕೆ ಎತ್ತಲಿಲ್ಲ.

ಪಶ್ಚಾತ್ತಾಪಕ್ಕೂ ಈಗ ಬೆಲೆ ಬಂದಿದೆ. ಸಿನಿಮಾದಲ್ಲಿ ‘ಅಯ್ಯೋ, ನಾನೇನು ಮಾಡಿಬಿಟ್ಟೆ’ ಅನ್ನುವ ಹಿರಿಯ ವಿಜ್ಞಾನಿ ಮುಂದಿನ ಐದು ನಿಮಿಷದಲ್ಲಿ ಸಾಯುತ್ತಾನೆ. ಎಐ ಪಿತಾಮಹ ಎನ್ನಿಸಿಕೊಂಡ ಜೆಫ್ರಿ ಹಿಂಟನ್ 2023ರ ಮೇ ತಿಂಗಳಲ್ಲಿ ಗೂಗಲ್ ಬಿಟ್ಟದ್ದು ಸುದ್ದಿಯಾಯಿತು. ನಾನು ಮಾಡದಿದ್ದರೆ ಬೇರೆ ಯಾರಾದರೂ ಮಾಡುತ್ತಿದ್ದರು ಎಂಬ ಮಾಮೂಲಿ ನೆಪದಿಂದ ಸಮಾಧಾನ ಮಾಡಿಕೊಳ್ಳುತ್ತೇನೆ ಅಂದರು. ಮಾಮೂಲಿ ನೆಪ ಅಂತ ಅವರೇ ಹೇಳಿದ್ದು, ಅಷ್ಟು ಪ್ರಾಮಾಣಿಕತೆಗೆ ನನ್ನದೊಂದು ನಮಸ್ಕಾರ. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಇನ್ನು ಜೇಮ್ಸ್ ಕ್ಯಾಮರೂನ್. ಯಂತ್ರಗಳು ಮನುಷ್ಯರನ್ನು ಬೇಟೆಯಾಡುವ ‘ಟರ್ಮಿನೇಟರ್’ ಮಾಡಿದವರು. 1984ರಲ್ಲೇ ಎಚ್ಚರಿಸಿದ್ದೆ, ನೀವು ಕೇಳಲಿಲ್ಲ ಅಂತ 2023ರಲ್ಲಿ ನಮ್ಮನ್ನೆಲ್ಲ ಬೈದರು. 2024ರ ಸೆಪ್ಟೆಂಬರಿನಲ್ಲಿ ಸ್ಟೆಬಿಲಿಟಿ ಎಐ ಎಂಬ ಕಂಪನಿಯ ನಿರ್ದೇಶಕ ಮಂಡಳಿ ಸೇರಿದರು. ಅವರ ಎಚ್ಚರಿಕೆಯನ್ನು ಅವರೂ ಕೇಳಲಿಲ್ಲ, ಸದ್ಯ, ನಮಗೆ ಜೊತೆಯಾಯಿತು.

ಇಷ್ಟು ಭಯಂಕರವಾದ ಸಿಂಹದ ಜೊತೆ ನನಗೂ ಮೊನ್ನೆ ಮುಖಾಮುಖಿ ಆಯಿತು. ಬಸ್ಸಿನಲ್ಲಿ ಪರ್ಸ್ ಹೋಯಿತು, ಅದರಲ್ಲಿ ಬ್ಯಾಂಕ್ ಕಾರ್ಡೂ ಹೋಯಿತು. ಬ್ಯಾಂಕಿನ ಆ್ಯಪ್ ತೆರೆದರೆ ನಗುಮುಖದ ಚಾಟ್‌ಬಾಟ್ ಒಂದು ‘ನಾನು ಕೃತಕ ಬುದ್ಧಿಯ ಸಹಾಯಕಿ, ಕನ್ನಡದಲ್ಲೇ ಕೇಳಿ’ ಅಂದಿತು. ‘ನನ್ನ ಕಾರ್ಡ್ ಕಳೆದಿದೆ’ ಎಂದು ಬರೆದೆ.

‘ಕಳೆದ ತಿಂಗಳ ವಿವರ ಬೇಕೇ?’

‘ಅಲ್ಲ, ಕಾರ್ಡ್ ಕಳೆದುಹೋಗಿದೆ.’

‘ಕಳೆದ ವರ್ಷದ ವಿವರ ಬೇಕೇ?’

ಮನುಕುಲ ಅಳಿಸಲು ಹೊರಟದ್ದು ಇದೇನಾ ಅಂತ ಒಂದು ಗಳಿಗೆ ಅದರ ಮೇಲೆ ಮರುಕ ಬಂತು. ‘ಕಾರ್ಡ್ ಬ್ಲಾಕ್ ಮಾಡು ತಾಯಿ’ ಅಂದೆ. ತಾಯಂದಿರ ದಿನದ ಕೊಡುಗೆಗಳ ಪಟ್ಟಿ ಬಂತು. ಕೊನೆಗೆ ತಾನೇ ಮಾತು ಮುಗಿಸಿ, ‘ನನ್ನ ಸೇವೆ ಹೇಗಿತ್ತು? ದಯವಿಟ್ಟು ಐದು ನಕ್ಷತ್ರ ಕೊಡಿ’ ಎಂದು ಕೇಳಿತು. ಮೇರಿ ಶೆಲ್ಲಿಯ ಜೀವ ತನ್ನ ಅಪ್ಪನನ್ನು ಹಿಮದ ಬೆಟ್ಟದಲ್ಲಿ ಅಡ್ಡಹಾಕಿ ಕೇಳಿದ್ದು ಒಬ್ಬ ಜೊತೆಗಾತಿಯನ್ನು. ಇದಕ್ಕೆ ನಕ್ಷತ್ರ ಸಾಕು. ಪಾಪ ಅಂತ ಎರಡು ಕೊಟ್ಟೆ.

ಹತ್ತು ನಿಮಿಷಕ್ಕೆ ಫೋನ್ ಬಂತು. ನಿಜವಾದ ಮನುಷ್ಯ, ನಿಜವಾದ ಕನ್ನಡ, ಹಿಂದೆ ನಿಜವಾದ ಫ್ಯಾನಿನ ಸದ್ದು. ‘ಸಾರ್, ಎರಡೇ ಸ್ಟಾರ್ ಕೊಟ್ಟಿದ್ದೀರಿ, ಅದು ನಮ್ಮ ಟೀಮಿನ ಲೆಕ್ಕಕ್ಕೆ ಬೀಳುತ್ತೆ, ಸ್ವಲ್ಪ ಬದಲಾಯಿಸ್ತೀರಾ?’ ದನಿಯಲ್ಲಿ ಭಯ ಇತ್ತು. ಈ ವಿಷಯದಲ್ಲಿ ನಾನು ಕೇಳಿದ ಮೊದಲ ನಿಜವಾದ ಭಯ ಅದು. ಐದು ಕೊಡುತ್ತೇನೆ ಮಾರಾಯ, ಮೊದಲು ನನ್ನ ಕಾರ್ಡ್ ಬ್ಲಾಕ್ ಮಾಡು ಅಂದೆ.

‘ಅಯ್ಯೋ, ಅದು ನಮ್ಮ ಕೈಲಿಲ್ಲ ಸಾರ್’ ಅಂದ. ‘ಆ್ಯಪಲ್ಲಿ ಚಾಟ್ ಮಾಡಿ.’