‘ನೀವು ಅವರಿಗೆ ಏನಾಗಬೇಕು?’

ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ದಾದರಿನ ಸುತ್ತಲಿನ ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಹಿಡಿದು ದೋಸೆ ಹುಯ್ಯುವವರೆಗೆ ದುಡಿದ ಹಿರಿಯರೊಬ್ಬರು ನನಗೆ ಪರಿಚಿತರಾಗಿದ್ದರು. ರಾತ್ರಿ ಗಿರಾಕಿಗಳು ಹೋದ ಮೇಲೆ ಜೋಡಿಸುವ ಬೆಂಚುಗಳೇ ಅವರ ಹಾಸಿಗೆ. ಹೋಟೆಲು ಮುಚ್ಚಿದಾಗ ಕೆಲಸದೊಂದಿಗೆ ಮಲಗುವ ಜಾಗವೂ ಹೋಗಿ, ಅವರು ಫುಟ್‌ಪಾತಿಗೆ ಬಂದರು. ಬಾಯಿಯ ಕ್ಯಾನ್ಸರ್ ಪತ್ತೆಯಾಗುವಷ್ಟರಲ್ಲಿ ಅದು ಗುಣವಾಗುವ ಹಂತ ದಾಟಿತ್ತು.

ಆಸ್ಪತ್ರೆಯೊಂದರ ಕೌಂಟರಿನಲ್ಲಿ ‘ನೀವು ಅವರಿಗೆ ಏನಾಗಬೇಕು?’ ಎಂದು ಕೇಳಿದರು. ‘ನಮ್ಮ ಊರಿನ ಕಡೆಯವರು’ ಎಂದೆ. ಗುಮಾಸ್ತರು ಆ ಅಂಕಣವನ್ನು ಖಾಲಿ ಬಿಟ್ಟರು. ನಾಲ್ಕು ದಿನಗಳ ನಂತರ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ, ಮನೆಯಲ್ಲಿಯೇ ಆರೈಕೆ ಮುಂದುವರಿಸಬೇಕೆಂದು ಬರೆದಿತ್ತು.

ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ವ್ಯವಸ್ಥೆ ಈ ಊರಿನಲ್ಲಿ ಇಲ್ಲವೆಂದಲ್ಲ. ದೇಶದ ಮೊದಲ ಹಾಸ್ಪೈಸ್ (ಕೊನೆಯ ದಿನಗಳ ರೋಗಿಗಳನ್ನು ಆರೈಕೆ ಮಾಡುವ ಧಾಮ) ಎನ್ನಲಾಗುವ ಶಾಂತಿ ಅವೇದನಾ ಸದನ 1986ರಲ್ಲಿ ಆರಂಭವಾದದ್ದು ಇದೇ ಮುಂಬಯಿಯ ಬಾಂದ್ರಾದಲ್ಲಿ. ಆದರೆ ಅದು ಕ್ಯಾನ್ಸರ್ ರೋಗಿಗಳಿಗೆ ಮೀಸಲು. ಯಕೃತ್ತು, ಶ್ವಾಸಕೋಶ ಕೆಟ್ಟು ಬೀದಿಯಲ್ಲಿ ಸಾಯುವವರು ಎಲ್ಲಿಗೆ ಹೋಗಬೇಕು? ಮನೆಗೇ ಬಂದು ನೋಡುವ ತಂಡಗಳಿವೆ. ಅವುಗಳಿಗೂ ಒಂದು ಬಾಗಿಲು, ಬಾಗಿಲು ತೆರೆಯುವ ಒಬ್ಬರು ಬೇಕು. ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮಾದಕ ವಸ್ತುಗಳ ಕಾಯ್ದೆಗೆ ತಂದ 2014ರ ತಿದ್ದುಪಡಿಯಿಂದ ಅದರ ಪರವಾನಗಿಯ ತೊಡಕುಗಳು ಕಡಿಮೆಯಾದವು, ನಿಜ. ಆದರೆ ರಾತ್ರಿ ತಲೆಯಡಿಯ ಚೀಲವೇ ಮಾಯವಾಗುವ ಜಾಗದಲ್ಲಿ ಆ ಮಾತ್ರೆಯನ್ನು ಕಾಯುವವರು ಯಾರು? ನಮ್ಮ ಹಿರಿಯರು ಅದನ್ನು ಲುಂಗಿಯ ತುದಿಗೆ ಗಂಟು ಹಾಕಿಕೊಂಡು, ಮುಗಿದು ಹೋದೀತೆಂಬ ಭಯಕ್ಕೆ ನೋವು ತಡೆಯಲಾರದಷ್ಟಾದಾಗ ಮಾತ್ರ ನುಂಗುತ್ತಿದ್ದರು.

ಪ್ರತಿ ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ತೆರೆದಿರುವ ಆಶ್ರಯಧಾಮ ಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. 2011ರ ಜನಗಣತಿಯ 1 ಕೋಟಿ 24 ಲಕ್ಷ ಜನರ ಲೆಕ್ಕ ಹಿಡಿದರೂ ಬೃಹನ್ಮುಂಬಯಿಗೆ 120ಕ್ಕೂ ಹೆಚ್ಚು ಬೇಕು. ಅವುಗಳಲ್ಲಿ ಕೆಲವನ್ನಾದರೂ ದಾದಿಯೊಬ್ಬರು, ಬೀಗವಿರುವ ಔಷಧದ ಕಪಾಟು ಮತ್ತು ಎದ್ದು ನಡೆಯಲಾಗದವರಿಗೆ ನಾಲ್ಕು ಮಂಚಗಳೊಂದಿಗೆ ನಡೆಸಬೇಕೆಂಬುದು ನನ್ನ ಒತ್ತಾಯ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ಉಳಿದದ್ದು ಆ ಖಾಲಿ ಅಂಕಣ. ಹೊನ್ನಾವರದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ಅಮಾನುಷ ದಾಳಿಯ ನಂತರ 2015ರಲ್ಲಿ ಸಾಯುವವರೆಗೂ ಅಲ್ಲಿಯ ಸಿಬ್ಬಂದಿಯ ಆರೈಕೆಯಲ್ಲಿದ್ದರು. ಅವರ ಪರವಾಗಿ ಮಾತನಾಡುವ ಹಕ್ಕು ಯಾರದೆಂಬ ಪ್ರಶ್ನೆ ಬಂದಾಗ, 2011ರಲ್ಲಿ ಸುಪ್ರೀಂ ಕೋರ್ಟು ಆರೈಕೆ ಮಾಡಿದ ಆ ಸಿಬ್ಬಂದಿಯನ್ನೇ ಅವರ ಹಿತೈಷಿಗಳೆಂದು ಒಪ್ಪಿತು. ಅತ್ಯುನ್ನತ ನ್ಯಾಯಾಲಯ ಒಪ್ಪಿದ್ದನ್ನು ವಾರ್ಡಿನ ಅರ್ಜಿ ಏಕೆ ಒಪ್ಪಬಾರದು? ರೋಗಿ ಬಾಯಿಬಿಟ್ಟು ‘ಇವನೇ ನನ್ನವನು’ ಎಂದು ತೋರಿಸಿದವರ ಹೆಸರನ್ನು ಅಲ್ಲಿ ಬರೆದರೆ ಸಾಕು.

ನಮ್ಮ ಹಿರಿಯರು ಹಾಗೆ ತೋರಿಸಬಹುದಾಗಿದ್ದುದು ಪಕ್ಕದ ಹೋಟೆಲಿನ ಮಾಣಿಯನ್ನು. ಕೊನೆಯ ಎರಡು ವಾರ ಆ ಹುಡುಗ ಗಂಜಿಯನ್ನು ನುಣ್ಣಗೆ ಕಡೆದು, ಖಾರ ಉರಿಯುತ್ತದೆಂದು ಮಿಡಿ ಉಪ್ಪಿನಕಾಯಿಯ ರಸವನ್ನು ಒಂದೇ ಹನಿ ಬೆರೆಸಿ, ಚಮಚದಲ್ಲಿ ಕುಡಿಸುತ್ತಿದ್ದ. ಒಂದು ರಾತ್ರಿ ಯಾರೋ ಅವರನ್ನು ಆಂಬುಲೆನ್ಸಿಗೆ ಹತ್ತಿಸಿದರು. ಬೆಳಿಗ್ಗೆ ದಾಖಲೆಯಲ್ಲಿ ‘ಬೇವಾರಸ್’ ಎಂದಿತ್ತು. ಕನ್ನಡದಲ್ಲಿ ನಾವು ಬೈಗುಳವಾಗಿ ಬಳಸುವ ‘ಬೇವರ್ಸಿ’ ಇಲ್ಲಿ ಕಚೇರಿಯ ಶಬ್ದ. ಅಂತ್ಯಕ್ರಿಯೆ ಎಲ್ಲಿ ಎಂದು ವಿಚಾರಿಸಲು ಹೋದ ಮಾಣಿಯನ್ನೂ ಅದೇ ಪ್ರಶ್ನೆ ಕೇಳಿ ವಾಪಸು ಕಳುಹಿಸಿದರು.