ಅಂಗಡಿ ಮೇಲೆ ಎರಡು ಮನೆ, ಹದಿನಾಲ್ಕು ತಿಂಗಳು

ನಾನೀಗ ಇರುವುದು ಅಮೆರಿಕದ ಒಂದು ಚಿಕ್ಕ ಊರಿನಲ್ಲಿ. ಹೆಸರು ಬೇಡ. ಊರಿನವರು ಇನ್ನೂ ನನ್ನ ಜೊತೆ ಮಾತಾಡುತ್ತಾರೆ, ಅದು ಹಾಗೇ ಇರಲಿ. ಊರಿನಲ್ಲಿ ಯಾರು ಏನು ಕಟ್ಟಬಹುದು ಅನ್ನೋ ಅರ್ಜಿಗಳನ್ನು ನೋಡುವ ಪ್ಲ್ಯಾನಿಂಗ್ ಬೋರ್ಡ್‌ನಲ್ಲಿ ಮೂರು ವರ್ಷ ಕೂತಿದ್ದೆ. ಸಂಬಳ ಇಲ್ಲ, ತಿಂಗಳಿಗೆ ಎರಡು ಸಂಜೆ ಅದಕ್ಕೇ ಹೋಗುತ್ತಿತ್ತು. ಒಬ್ಬರು ಬೇಲಿ ಎತ್ತರ ಮಾಡಬೇಕು ಅಂತ ಬರುತ್ತಾರೆ. ಮುಂದಿನ ತಿಂಗಳು ಅವರ ಪಕ್ಕದ ಮನೆಯವರು ಬೇಲಿ ಎತ್ತರ ಆಯ್ತು ಅಂತ ಬರುತ್ತಾರೆ. ಬಹುಪಾಲು ಇಂಥದ್ದೇ.

ಆದರೆ ಒಂದು ಫೈಲ್ ಮಾತ್ರ ಇನ್ನೂ ತಲೆಯಿಂದ ಹೋಗಿಲ್ಲ. ಮುಖ್ಯ ಬೀದಿಯ ಮೂಲೆಯಲ್ಲಿ ಒಬ್ಬ ಹೆಂಗಸು ಡ್ರೈಕ್ಲೀನಿಂಗ್ ಅಂಗಡಿ ನಡೆಸುತ್ತಾರೆ. ಒಂದೇ ಮಹಡಿ, ಮುಂದೆ ಕಾರು ನಿಲ್ಲಿಸುವ ಡಾಂಬರು ಜಾಗ. ಅದನ್ನು ಕೆಡವಿ, ಕಟ್ಟಡವನ್ನು ಫುಟ್‌ಪಾತ್ ಅಂಚಿಗೇ ತಂದು, ಕೆಳಗೆ ಅಂಗಡಿ ಮೇಲೆ ಎರಡು ಮನೆ ಕಟ್ಟಬೇಕು ಅನ್ನೋದು ಅವರ ಆಸೆ. ಒಂದರಲ್ಲಿ ತಾವಿರುವುದು, ಇನ್ನೊಂದು ಬಾಡಿಗೆಗೆ. ಪಕ್ಕದ ಸೈಟಿನಲ್ಲೇ ನೂರು ವರ್ಷ ಹಳೆಯ ಇಟ್ಟಿಗೆ ಕಟ್ಟಡ ಇದೆ, ಅದೂ ಹೀಗೇ ಇದೆ. ನೆಂಟರು ಬಂದರೆ ನಾವೆಲ್ಲ ತೋರಿಸುವುದು ಅದೇ ಕಟ್ಟಡವನ್ನ. ಅವರು ಅದರ ಫೋಟೋ ನಮ್ಮ ಮುಂದಿಟ್ಟು "ಇದೇ ಥರದ್ದು" ಅಂದರು. ನಾವು ಹದಿನಾಲ್ಕು ತಿಂಗಳು ಅಲೆಸಿದೆವು. ಕೊನೆಗೆ ಅವರೇ ಅರ್ಜಿ ವಾಪಸ್ ತೆಗೆದುಕೊಂಡರು.

ನಗಬೇಕೋ ಅಳಬೇಕೋ ಗೊತ್ತಾಗದ ವಿಷಯ ಏನೆಂದರೆ, ಅಷ್ಟೊತ್ತಿಗಾಗಲೇ ನಮ್ಮೂರಿನಲ್ಲಿ ಫಾರ್ಮ್ ಬೇಸ್ಡ್ ಕೋಡ್, ಅಂದರೆ ಕಟ್ಟಡದ ಆಕಾರವನ್ನು ಮುಖ್ಯ ಮಾಡುವ ನಿಯಮಗಳ ಪುಸ್ತಕ, ಬಂದಿತ್ತು. ಇಂಥ ಕಟ್ಟಡಗಳು ಬರಲಿ ಅಂತಲೇ ದುಡ್ಡು ಖರ್ಚು ಮಾಡಿ ಬರೆಸಿದ ಕೋಡ್ ಅದು. ಅದರ ಮುಖಪುಟದ ಮೇಲಿನ ಚಿತ್ರ ಕೂಡ ಆ ಇಟ್ಟಿಗೆ ಕಟ್ಟಡದ್ದೇ.

ಈ ಕೋಡ್ ಅಂದರೆ ಏನು ಅಂತ ಕೇಳುವವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಅಮೆರಿಕದ ಊರುಗಳಲ್ಲಿ ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ಹೇಳುವ ಕಾನೂನಿಗೆ ಝೋನಿಂಗ್ ಅನ್ನುತ್ತಾರೆ. ಇಡೀ ನಗರಕ್ಕೆ ಅಂತ ಮೊದಲು ತಂದದ್ದು ನ್ಯೂಯಾರ್ಕ್, 1916ರಲ್ಲಿ. ಅದರ ಹಿಂದಿನ ವರ್ಷ ಮ್ಯಾನ್‌ಹ್ಯಾಟನ್‌ನಲ್ಲಿ ಎಕ್ವಿಟಬಲ್ ಬಿಲ್ಡಿಂಗ್ ಎದ್ದು ನಿಂತು ಸುತ್ತಲಿನ ಬೀದಿಗಳಿಗೆಲ್ಲ ಕತ್ತಲೆ ಕವಿಸಿತ್ತು. ಬೀದಿ ಎಷ್ಟು ಅಗಲವೋ ಅದಕ್ಕೆ ತಕ್ಕಂತೆ ಕಟ್ಟಡ ಮೇಲೆ ಹೋದಂತೆ ಹಿಂದೆ ಸರಿಯಬೇಕು ಅಂತ ನಿಯಮ ಬಂತು. ಗಮನಿಸಿ, ಇದು ಆಕಾರದ ನಿಯಮ. ಅಂದರೆ ಮೊದಲನೇ ಝೋನಿಂಗ್‌ನಲ್ಲೇ ಆಕಾರದ ಮಾತು ಇತ್ತು. ಆಮೇಲೆ ನಾವು ಅದನ್ನು ಮರೆತೆವು.

ಮರೆಯುವ ಹಾಗೆ ಮಾಡಿದ್ದರಲ್ಲಿ ಒಂದು ಕೋರ್ಟ್ ತೀರ್ಪಿನ ಪಾಲು ದೊಡ್ಡದು. ಒಹಾಯೋದ ಕ್ಲೀವ್‌ಲ್ಯಾಂಡ್ ಪಕ್ಕದಲ್ಲಿ ಯೂಕ್ಲಿಡ್ ಅಂತ ಒಂದು ಹಳ್ಳಿ. ಆ್ಯಂಬ್ಲರ್ ರಿಯಾಲ್ಟಿ ಅನ್ನೋ ಕಂಪನಿಗೆ ಅಲ್ಲಿ 68 ಎಕರೆ ಇತ್ತು. ಕಾರ್ಖಾನೆಗೆ ಮಾರಬೇಕು ಅಂತಿದ್ದ ಜಮೀನಿನ ಒಂದು ಭಾಗ ಮನೆಗಳಿಗೆ ಮಾತ್ರ ಅಂತ ಹಳ್ಳಿ ಗೆರೆ ಎಳೆಯಿತು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1926ರಲ್ಲಿ ಹಳ್ಳಿ ಗೆದ್ದಿತು. ತೀರ್ಪು ಬರೆದ ಜಸ್ಟಿಸ್ ಸದರ್‌ಲ್ಯಾಂಡ್, ಒಂಟಿ ಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿ ಅಂತ ಕರೆದರು. ನಮ್ಮ ಭಾಷೆಯಲ್ಲಿ ಹೇಳಿದರೆ ಮರಕ್ಕೆ ಹತ್ತಿಕೊಂಡ ಬದನಿಕೆ. ನೂರು ವರ್ಷ ಆಗುತ್ತಾ ಬಂತು, ಈಗಲೂ ಹಿಯರಿಂಗ್‌ಗಳಲ್ಲಿ, ಅಂದರೆ ಅರ್ಜಿಗಳ ಬಹಿರಂಗ ವಿಚಾರಣೆಗಳಲ್ಲಿ, ಜನ ಅದೇ ಧಾಟಿಯಲ್ಲಿ ಮಾತಾಡುತ್ತಾರೆ.

ಅಲ್ಲಿಂದ ಮುಂದೆ ಊರೂರಿನಲ್ಲಿ ಬಣ್ಣದ ನಕ್ಷೆಗಳು ಬಂದವು. ಹಳದಿ ಅಂದರೆ ಮನೆ, ಕೆಂಪು ಅಂದರೆ ಅಂಗಡಿ. ಬಹಳ ಕಡೆ ಕೆಂಪಿನಲ್ಲಿ ವಾಸ ಇರಬಾರದು, ಹಳದಿಯಲ್ಲಿ ಒಂದು ಬ್ರೆಡ್ಡು ಕೂಡ ಮಾರಬಾರದು. ಕಟ್ಟಡದ ಒಳಗೆ ಏನು ನಡೆಯುತ್ತದೆ ಅನ್ನೋದೇ ಮುಖ್ಯ ಆಯಿತು. ಹೊರಗೆ ಅದು ಹೇಗಿರುತ್ತದೆ, ಬೀದಿಗೆ ಏನು ಮಾಡುತ್ತದೆ ಅನ್ನೋದಕ್ಕೆ ಬರೀ ಅಂಕಿಗಳು. ಒಂದು ಉದಾಹರಣೆ ಕೊಡುತ್ತೇನೆ. 10,000 ಚದರ ಅಡಿ ಸೈಟ್, ಅಷ್ಟೇ ಚದರ ಅಡಿ ಕಟ್ಟಬಹುದು ಅಂತ ನಿಯಮ ಇದೆ ಅಂದುಕೊಳ್ಳಿ. ಇಡೀ ಸೈಟ್ ತುಂಬಿದ ಒಂದು ಮಹಡಿಯ ಗೋದಾಮು ಕಟ್ಟಿದರೂ ಲೆಕ್ಕ ಸರಿ. ಕಾಲು ಭಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಸುತ್ತ ಕಾರು ನಿಲ್ಲಿಸಿದರೂ ಲೆಕ್ಕ ಸರಿ. ಎದುರು ನಡೆದುಹೋಗುವವರಿಗೆ ಎರಡೂ ಒಂದೇನಾ?

ಫಾರ್ಮ್ ಬೇಸ್ಡ್ ಕೋಡ್ ಇದನ್ನು ತಿರುಗಿಸಿ ಹಾಕುತ್ತದೆ. ಮೊದಲು ಆಕಾರ, ಆಮೇಲೆ ಬಳಕೆ. ನನಗೆ ತುಂಬಾ ಇಷ್ಟವಾದ ವ್ಯತ್ಯಾಸ ಗೆರೆಯದ್ದು. ಹಳೆಯ ಕೋಡ್‌ನ ಸೆಟ್‌ಬ್ಯಾಕ್ ಗೆರೆ "ಇದಕ್ಕಿಂತ ಮುಂದೆ ಬರಬೇಡ" ಅನ್ನುತ್ತದೆ. ಹೊಸದರ ಬಿಲ್ಡ್-ಟು ಗೆರೆ "ಇಲ್ಲಿಗೇ ಬಂದು ನಿಲ್ಲು" ಅನ್ನುತ್ತದೆ. ಒಂದು ದೂರ ತಳ್ಳುತ್ತದೆ, ಇನ್ನೊಂದು ಬಾ ಅನ್ನುತ್ತದೆ. ಹಾಗೇ ಎತ್ತರಕ್ಕೆ ಇಷ್ಟರ ಮೇಲೆ ಬೇಡ ಅನ್ನುವುದರ ಜೊತೆಗೆ ಇಷ್ಟಕ್ಕಿಂತ ಕಡಿಮೆಯೂ ಬೇಡ ಅನ್ನಬಹುದು. ಬಾಗಿಲು ಬೀದಿ ಕಡೆಗೇ ಇರಬೇಕು. ಕೆಳಗಿನ ಗೋಡೆಯಲ್ಲಿ ಇಷ್ಟು ಪಾಲು ಕಿಟಕಿ ಇರಬೇಕು. ಕಾರು ಹಿಂದೆ. ಇಷ್ಟಾದ ಮೇಲೆ ಒಳಗೆ ವಕೀಲರ ಆಫೀಸೋ, ಮನೆಯೋ, ಹೇರ್ ಕಟಿಂಗ್ ಅಂಗಡಿಯೋ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಬಳಕೆಯ ನಿಯಮ ಪೂರ್ತಿ ಮಾಯ ಆಗುವುದಿಲ್ಲ, ಹಿಂದಿನ ಬೆಂಚಿಗೆ ಹೋಗುತ್ತದೆ. ಬರೀ ಪದಗಳ ಬದಲು ಚಿತ್ರಗಳು ಇರುತ್ತವೆ, ಹಾಗಾಗಿ ನನ್ನಂಥವರಿಗೂ ಅರ್ಥ ಆಗುತ್ತದೆ.

ಈ ಹೆಸರು ಹೊಸದು. 2001ರ ಹೊತ್ತಿಗೆ ಶಿಕಾಗೋದ ಕ್ಯಾರಲ್ ವಯಂಟ್ ಅನ್ನೋ ಸಲಹೆಗಾರ್ತಿ ಕೊಟ್ಟದ್ದು. ಕೆಲಸ ಮಾತ್ರ ಅದಕ್ಕಿಂತ ಹಳೆಯದು. 1980ರ ದಶಕದಲ್ಲಿ ಆಂಡ್ರೆಸ್ ಡುಆನಿ, ಎಲಿಜಬೆತ್ ಪ್ಲೇಟರ್-ಝೈಬರ್ಕ್ ದಂಪತಿ ಫ್ಲೋರಿಡಾದ ಸೀಸೈಡ್ ಊರಿಗೆ ಒಂದೇ ಹಾಳೆಯ ಮೇಲೆ ಇಡೀ ಕೋಡ್ ಬರೆದರು. ಇನ್ನೂ ಹಿಂದೆ ಹೋದರೆ, 1666ರ ಬೆಂಕಿಯ ನಂತರ ಲಂಡನ್ನಿಗೆ ಬಂದ ಕಾಯ್ದೆ ನಾಲ್ಕು ಬಗೆಯ ಮನೆಗಳನ್ನು ಹೇಳಿ, ಯಾವ ಬೀದಿಗೆ ಎಷ್ಟು ಮಹಡಿ ಅಂತ ಗೊತ್ತುಮಾಡಿತ್ತು.

ಇಷ್ಟೆಲ್ಲ ಯಾಕೆ ಬೇಕು ಅನ್ನುವವರಿಗೆ ನಾನು ಯಾವಾಗಲೂ ಸಾಮರ್‌ವಿಲ್ ಕತೆ ಹೇಳುತ್ತೇನೆ. ಮ್ಯಾಸಚೂಸೆಟ್ಸ್‌ನಲ್ಲಿ ಬಾಸ್ಟನ್ ಪಕ್ಕದ ಊರು, ಸುಮಾರು 80,000 ಜನ. ಇರುವ ಮನೆಗಳಲ್ಲಿ ಎಷ್ಟು ಆಗಿನ ಝೋನಿಂಗ್‌ಗೆ ಸರಿಹೊಂದುತ್ತವೆ ಅಂತ ಅಲ್ಲಿನ ಪ್ಲ್ಯಾನರ್‌ಗಳು ಲೆಕ್ಕ ಹಾಕಿದರು. ಸಿಕ್ಕಿದ್ದು ಬರೀ 22 ಸೈಟು. ಇಡೀ ಊರಿನಲ್ಲಿ! ಊರು ಸುಟ್ಟುಹೋದರೆ ಮತ್ತೆ ಹಾಗೇ ಕಟ್ಟುವಂತಿರಲಿಲ್ಲ. ಜನ ಜಾಸ್ತಿ ದುಡ್ಡು ಕೊಟ್ಟು ಇರಲು ಬಯಸುವ ಊರೇ ಕಾಗದದ ಮೇಲೆ ತಪ್ಪಾಗಿತ್ತು. 2019ರಲ್ಲಿ ಅವರು ಹಳೆಯದನ್ನು ಎತ್ತಿಟ್ಟು ಆಕಾರ ಆಧರಿಸಿದ ಹೊಸ ಕೋಡ್ ತಂದರು.

ಈಗ ನನ್ನ ತಕರಾರಿಗೆ ಬರುತ್ತೇನೆ. ಕೋಡ್ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಊರುಗಳು ಮನೆಗೆ ಕರೆದುಕೊಳ್ಳುವ ರೀತಿ ಬಗ್ಗೆ ಇದೆ. ಮುಂಬಾಗಿಲಲ್ಲಿ ಆರತಿ ಎತ್ತಿ ಕರೆಯುತ್ತಾರೆ, ಆಮೇಲೆ ಹಿತ್ತಲಲ್ಲಿ ಕೂರಿಸುತ್ತಾರೆ.

ನಮ್ಮೂರಿನಲ್ಲಿ ಆಗಿದ್ದು ಇದೇ. ಹಳೆಯ ಝೋನಿಂಗ್ ತೆಗೆಯಲು ಕೌನ್ಸಿಲ್‌ಗೆ ಧೈರ್ಯ ಬರಲಿಲ್ಲ. ಅದನ್ನು ಇದ್ದಂತೆ ಇಟ್ಟು, ಹೊಸದನ್ನು ಓವರ್‌ಲೇ ಅಂತ ಮೇಲೆ ಹೊದಿಸಿದರು. ಬೇಕಾದವರು ಬಳಸಿ, ಬೇಡವಾದವರು ಬಿಡಿ. ಎಲ್ಲರಿಗೂ ಸಮಾಧಾನ, ಅಲ್ವಾ? ಡ್ರೈಕ್ಲೀನಿಂಗ್ ಅಂಗಡಿಯವರು ಹೊಸದನ್ನು ಆರಿಸಿಕೊಂಡರು. ಕಟ್ಟಡ ಬೀದಿಯ ಅಂಚಿಗೆ ಬರಬೇಕು ಅಂತ ಹೊಸ ಕೋಡ್ ಹೇಳಿತು. ಸರಿ. ಆದರೆ ಪಾರ್ಕಿಂಗ್ ನಿಯಮ ಇದ್ದದ್ದು ಬೇರೆ ಅಧ್ಯಾಯದಲ್ಲಿ, ಅದನ್ನು ಯಾರೂ ಮುಟ್ಟಿರಲಿಲ್ಲ. ಮನೆಗೆ ಎರಡು ಕಾರು, ಅಂಗಡಿಗೆ ಬೇರೆ. ಆ ಸೈಟಿನಲ್ಲಿ ಅಷ್ಟು ಕಾರು ನಿಲ್ಲಬೇಕಾದರೆ ಕಟ್ಟಡ ಬೀದಿಯಿಂದ ಹಿಂದೆ ಸರಿಯಲೇಬೇಕು. ಒಂದು ಪುಟ ಮುಂದೆ ಬಾ ಅನ್ನುತ್ತದೆ, ಇನ್ನೊಂದು ಪುಟ ಹಿಂದೆ ಹೋಗು ಅನ್ನುತ್ತದೆ. ವಿನಾಯಿತಿ ಬೇಕು ಅಂದರೆ ಹಿಯರಿಂಗ್. ಹಿಯರಿಂಗ್ ಅಂದರೆ ನೋಟಿಸ್, ವಕೀಲರು, ಟ್ರಾಫಿಕ್ ವರದಿ. ಆ ಮುಖ್ಯ ಬೀದಿ ರಾಜ್ಯದ ಹೆದ್ದಾರಿ ಬೇರೆ. ಹಾಗಾಗಿ ಕೋಡ್ ಪುಸ್ತಕದಲ್ಲಿ ಬರೆದಿದ್ದ ಮರಗಳ ಸಾಲು, ಅಗಲದ ಫುಟ್‌ಪಾತ್, ಯಾವುದೂ ಊರಿನ ಕೈಯಲ್ಲಿರಲಿಲ್ಲ.

ಇದೇ ಸಮಯದಲ್ಲಿ ಬೀದಿಯ ಇನ್ನೊಂದು ತುದಿಯಲ್ಲಿ ಕಾರಿನಿಂದ ಇಳಿಯದೆ ಕೊಳ್ಳುವ ಡ್ರೈವ್-ಥ್ರೂ ಒಂದು ಹಳೆಯ ಝೋನಿಂಗ್ ಕೆಳಗೆ ಕೆಲವೇ ವಾರಗಳಲ್ಲಿ ಒಪ್ಪಿಗೆ ಪಡೆಯಿತು. ಆ ಒಪ್ಪಿಗೆಗೆ ನಾನೂ ಕೈ ಎತ್ತಿದ್ದೆ. ನಿಯಮದ ಪ್ರಕಾರ ಎಲ್ಲ ಸರಿ ಇತ್ತು, ಬೇಡ ಅನ್ನಲು ಕಾರಣವೇ ಇರಲಿಲ್ಲ.

"ಐಚ್ಛಿಕ ಮಾಡಿದ್ದೇ ತಪ್ಪು, ಕಡ್ಡಾಯ ಮಾಡಬೇಕಿತ್ತು" ಅಂತ ನಾನೂ ಬಹಳ ದಿನ ವಾದ ಮಾಡುತ್ತಿದ್ದೆ. ಈಗ ಅಷ್ಟು ಜೋರಾಗಿ ಹೇಳುವುದಿಲ್ಲ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಕೌಂಟಿಯ ಕೊಲಂಬಿಯಾ ಪೈಕ್ ರಸ್ತೆ ನನ್ನ ವಾದವನ್ನು ಕೆಡಿಸಿತು. 2003ರಲ್ಲಿ ಅಲ್ಲಿ ಬಂದ ಕೋಡ್ ಕೂಡ ಐಚ್ಛಿಕವೇ. ಆದರೂ ವರ್ಷಗಟ್ಟಲೆ ಮಂಕಾಗಿದ್ದ ಆ ರಸ್ತೆಯಲ್ಲಿ ಒಂದಾದ ಮೇಲೊಂದು ಕಟ್ಟಡ ಎದ್ದವು. ಅಲ್ಲಿ ಹೊಸ ಕೋಡ್ ಪಾಲಿಸಿದ ಚಿಕ್ಕ ಪ್ರಾಜೆಕ್ಟುಗಳಿಗೆ ಆಫೀಸಿನ ಮೇಜಿನಲ್ಲೇ ಒಪ್ಪಿಗೆ, ಹಿಯರಿಂಗ್ ಅಲೆದಾಟ ಇಲ್ಲ. ಹಳೆಯ ದಾರಿಯೇ ಉದ್ದ, ಹೊಸದೇ ಹತ್ತಿರ. ಬಿಲ್ಡರ್‌ಗಳು ಒಳ್ಳೆಯವರಾಗಬೇಕಿಲ್ಲ, ಅವಸರದಲ್ಲಿದ್ದರೆ ಸಾಕು. ನಮ್ಮೂರಿನಲ್ಲಿ ಇದು ಉಲ್ಟಾ ಇತ್ತು. ಒಳ್ಳೆಯ ಕಟ್ಟಡಕ್ಕೆ ಹದಿನಾಲ್ಕು ತಿಂಗಳು, ಡ್ರೈವ್-ಥ್ರೂಗೆ ಕೆಲವು ವಾರ.

ಕಡ್ಡಾಯ ಮಾಡಿದ ದೊಡ್ಡ ಊರು ಮಯಾಮಿ. ಮೇಯರ್ ಮ್ಯಾನಿ ಡಿಯಾಝ್ ಕಾಲದಲ್ಲಿ, 2009ರ ಅಕ್ಟೋಬರ್‌ನಲ್ಲಿ, ಮಯಾಮಿ 21 ಅನ್ನೋ ಕೋಡ್ ಇಡೀ ನಗರಕ್ಕೆ ಒಪ್ಪಿಗೆ ಪಡೆಯಿತು. 2010ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅಮೆರಿಕದ ದೊಡ್ಡ ನಗರವೊಂದು ಹಳೆಯದನ್ನು ಪೂರ್ತಿ ಬಿಟ್ಟು ಹೀಗೆ ಮಾಡಿದ್ದು ಅದೇ ಮೊದಲು. ಅದರಲ್ಲಿ ವಲಯಗಳಿಗೆ ನಂಬರು: ಟಿ1 ಅಂದರೆ ಕಾಡು, ಟಿ6 ಅಂದರೆ ನಗರದ ನಡುಭಾಗ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ದಟ್ಟಣೆ. ಚೆಂದದ ಯೋಚನೆ. ಆದರೆ ಅಲ್ಲೂ ಪಾರ್ಕಿಂಗ್ ಲೆಕ್ಕ ಉಳಿದೇ ಇತ್ತು. ಚಿಕ್ಕ ಸೈಟಿನವರು ಏನೂ ಕಟ್ಟಲಾಗದೆ ಕೂತರು. 10,000 ಚದರ ಅಡಿಗಿಂತ ಚಿಕ್ಕ ಕಟ್ಟಡ, ಹತ್ತಿರ ಬಸ್ಸೋ ರೈಲೋ ಇದ್ದರೆ ಪಾರ್ಕಿಂಗ್ ಬೇಡ ಅಂತ ತಿದ್ದಲು 2015 ಬರಬೇಕಾಯಿತು.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1953ರ ಝೋನಿಂಗ್ ಕಿತ್ತು ಹಾಕಿ 2017ರಲ್ಲಿ ಗ್ರೀನ್ ಕೋಡ್ ಜಾರಿ ಮಾಡಿದಾಗ, ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನೋ ನಿಯಮವನ್ನೇ ಊರಿಡೀ ತೆಗೆದುಹಾಕಿದರು. ಆಮೇಲೆ ನಡೆದ ಅಧ್ಯಯನವೊಂದು 36 ದೊಡ್ಡ ಪ್ರಾಜೆಕ್ಟುಗಳನ್ನು ನೋಡಿತು. 47 ಶೇಕಡಾ ಪ್ರಾಜೆಕ್ಟುಗಳು ಹಳೆಯ ನಿಯಮ ಕೇಳುತ್ತಿದ್ದದ್ದಕ್ಕಿಂತ ಕಡಿಮೆ ಜಾಗ ಕೊಟ್ಟಿದ್ದವು. ಅಂಗಡಿ, ಮನೆ ಒಟ್ಟಿಗೆ ಇರುವ ಕಟ್ಟಡಗಳಲ್ಲಿ 53 ಶೇಕಡಾ ಕಡಿಮೆ. ತಮಾಷೆ ಅಂದರೆ, ಒಂದೇ ಬಳಕೆಯ ಕಟ್ಟಡಗಳವರು ಒಟ್ಟಾರೆ ಹಳೆಯ ಲೆಕ್ಕಕ್ಕಿಂತ ಜಾಸ್ತಿಯೇ ಕಟ್ಟಿದರು. ಯಾರೂ ಅವರನ್ನು ತಡೆಯಲಿಲ್ಲ. ಪಾರ್ಕಿಂಗ್ ಬೇಕಾದವರು ಕಟ್ಟಿಕೊಳ್ಳುತ್ತಾರೆ ಅಂತ ನಾನು ಬೋರ್ಡ್‌ನಲ್ಲಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡದ್ದು ಇದನ್ನೇ.

ಡೆನ್ವರ್ ಮಾತ್ರ ನನಗೆ ಎಚ್ಚರಿಕೆಯ ಗಂಟೆ. 2010ರಲ್ಲಿ ಅವರೂ ಆಕಾರದ ಕೋಡ್ ತಂದರು. ಆದರೆ ಹಿಂದೆ ವಿಶೇಷ ಒಪ್ಪಂದ ಮಾಡಿಕೊಂಡಿದ್ದ ಎಷ್ಟೋ ಜಾಗಗಳು ಚಾಪ್ಟರ್ 59 ಅನ್ನೋ ಹಳೆಯ ಝೋನಿಂಗ್ ಕೆಳಗೇ ಉಳಿದವು. ಒಂದೇ ಕೌಂಟರಿನ ಮೇಲೆ ಎರಡು ಪುಸ್ತಕ. ಆಫೀಸಿನಲ್ಲಿ ನೂರಾರು ಜನ ಕೆಲಸ ಮಾಡುವ ದೊಡ್ಡ ನಗರ ಅದನ್ನು ಹೇಗೋ ನಿಭಾಯಿಸುತ್ತದೆ. ನಮ್ಮೂರಿನಲ್ಲಿ ಇರುವುದು ಒಬ್ಬರೇ ಪ್ಲ್ಯಾನರ್. ಅವರಿಗೆ ಮಂಗಳವಾರ ಹುಷಾರಿಲ್ಲ ಅಂದರೆ ಊರಿಗೇ ಹುಷಾರಿಲ್ಲ.

ಕೋಡ್‌ಗೆ ಬೈಯುವವರ ಮಾತಿನಲ್ಲೂ ಸತ್ಯ ಇದೆ. ಕೆಲವು ಊರುಗಳು ಆಕಾರದ ಹೆಸರಿನಲ್ಲಿ ಸುಮ್ನೆ ತಮ್ಮ ರುಚಿ ಹೇರುತ್ತವೆ. ಕಿಟಕಿ ಚೌಕಟ್ಟು ಇಂಥದ್ದೇ ಇರಬೇಕು, ಇಟ್ಟಿಗೆ ಬಣ್ಣ ಇದೇ ಇರಬೇಕು. ಅದು ಕೋಡ್ ಅಲ್ಲ, ಅತ್ತೆ ಕಾಟ. ಬಾಡಿಗೆಯ ಮಾತು ಇದಕ್ಕಿಂತ ಗಂಭೀರ. ಬೀದಿ ಚೆಂದ ಆದರೆ ಬಾಡಿಗೆ ಏರುತ್ತದೆ, ಇದ್ದವರು ಎದ್ದು ಹೋಗುತ್ತಾರೆ. ಕಟ್ಟಡದ ಆಕಾರ ಹೇಳುವ ಪುಸ್ತಕ ಇದನ್ನು ತಾನಾಗಿ ತಡೆಯುವುದಿಲ್ಲ. ಕೊಲಂಬಿಯಾ ಪೈಕ್‌ನವರಿಗೂ ಇದು ತಡವಾಗಿ ಹೊಳೆಯಿತು. 2013ರಲ್ಲಿ ರಸ್ತೆಯ ಆಚೀಚೆಯ ವಸತಿ ಪ್ರದೇಶಕ್ಕೆ ಇನ್ನೊಂದು ಕೋಡ್ ತಂದಾಗ, ಕೈಗೆಟುಕುವ ಬಾಡಿಗೆಯ ಮನೆಗಳನ್ನು ಉಳಿಸುವ ಷರತ್ತುಗಳನ್ನೂ ಅದರಲ್ಲಿ ಸೇರಿಸಿದರು. ಹೊಸದಾಗಿ ಕೋಡ್ ತರುವ ಊರು ಅಷ್ಟು ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ.

ಬೋರ್ಡ್ ಬಿಟ್ಟು ಒಂದು ವರ್ಷ ಆಯಿತು. ಮುಂದಿನ ವಾರ ಕೌನ್ಸಿಲ್ ಮುಂದೆ ಪಾರ್ಕಿಂಗ್ ಅಧ್ಯಾಯ ಬರುತ್ತಿದೆ. ಈಗ ನಾನು ಮೈಕಿನ ಈ ಕಡೆ, ಎಲ್ಲರ ಹಾಗೆ ಮೂರು ನಿಮಿಷ ಸಿಗುತ್ತದೆ. ಎರಡು ವಿಷಯ ಕೇಳಲಿದ್ದೇನೆ. ಓವರ್‌ಲೇ ಇರುವ ಬೀದಿಗಳಲ್ಲಿ ಪಾರ್ಕಿಂಗ್ ಸಂಖ್ಯೆಯನ್ನು ಸೊನ್ನೆ ಮಾಡಿ. ಕೋಡ್‌ಗೆ ಸರಿಹೊಂದುವ ಮೂರು ಮಹಡಿವರೆಗಿನ ಕಟ್ಟಡಕ್ಕೆ ಪ್ಲ್ಯಾನರ್ ಸಹಿ ಸಾಕು, ಬೋರ್ಡ್ ಬೇಡ.

ನಿನ್ನೆ ಕೋಟ್ ಕೊಡಲು ಡ್ರೈಕ್ಲೀನಿಂಗ್ ಅಂಗಡಿಗೆ ಹೋಗಿದ್ದೆ. ಹಿಯರಿಂಗ್‌ಗೆ ಬರುತ್ತೀರಾ ಅಂತ ಕೇಳಿದೆ. ಅವರು ರಸೀದಿ ಹರಿದು ಕೊಟ್ಟರು. "ಗುರುವಾರ ರೆಡಿ ಇರುತ್ತೆ" ಅಂದರು. ಕೋಟಿನ ಬಗ್ಗೆ.