ಎರಡು ಮಕ್ಕಳಾದ ಮೇಲೆ ಹಲ್ಲಿಗೆ ತಂತಿ

ಈ ಸಲ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಬಾಗಲಕೋಟೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ಹೊಲ. ಚರಗ ಚೆಲ್ಲಿ ಬಂದು ಎಲ್ಲರೂ ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತಿದ್ದೆವು. ಯಾವುದೋ ಮಾತಿಗೆ ನಕ್ಕೆ. ದೊಡ್ಡವ್ವ ನನ್ನ ಬಾಯಿ ನೋಡಿ ಅಂದಳು: "ಎರಡ ಮಕ್ಕಳಾದುವು. ಇನ್ನ ಯಾರಿಗೆ ತೋರ್ಸಾಕ ತಂತಿ ಹಾಕಿಸ್ಕೊಂಡೀಯವ್ವ?"

ಹದಿನೈದು ಮಂದಿ ಇದ್ದರು. ಒಬ್ಬರಿಗೂ ಅದು ಕೇಳಬಾರದ ಮಾತು ಅನ್ನಿಸಲಿಲ್ಲ. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ನನಗೀಗ 36. ಪುಣೆಗೆ ಬಂದು 11 ವರ್ಷ. ಇಲ್ಲಿ ತಂತಿ ಹಾಕಿಸಿಕೊಂಡು ಎಂಟು ತಿಂಗಳಾಯಿತು, ಯಾಕೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದು "ನೋವಾಗುತ್ತಾ?" ಅಂತ ಅಷ್ಟೇ. ಮೊದಲ ದಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಅರ್ಧ ತಲೆ ನರೆತಿತ್ತು. ತಂತಿಯನ್ನು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿಗೆ ಹಿಡಿದಿಡುವ ಬಣ್ಣ ಬಣ್ಣದ ಸಣ್ಣ ಸಣ್ಣ ರಬ್ಬರ್ ಬಳೆಗಳು ಇರುತ್ತವಲ್ಲ, ನರ್ಸ್ ಅವನ್ನು ಅವರ ಮುಂದೆ ಹಿಡಿದಳು. ಅವರು ಇಳಕಲ್ ಸೀರೆ ಆರಿಸುವಷ್ಟು ಹೊತ್ತು ನೋಡಿ, ಗಿಳಿಹಸಿರಿನ ಮೇಲೆ ಬೆರಳಿಟ್ಟರು. ನಾನು ಅವರನ್ನೇ ನೋಡುತ್ತಿದ್ದೆ. ನಮ್ಮ ಕಡೆ ಆ ವಯಸ್ಸಿನ ಹೆಂಗಸು ತನ್ನ ಬಾಯಿಗೆ ಅಂತ ಏನಾದರೂ ಆರಿಸಿದ್ದು ನಾನು ಕಂಡಿಲ್ಲ. ಡಾಕ್ಟರ್ ನನ್ನನ್ನೂ ಏನು ತೊಂದರೆ ಅಂತ ಕೇಳಿದರು. ಕೆಳಗಿನ ಹಲ್ಲು ಒಂದರ ಮೇಲೊಂದು ಏರಿ ಕೂತಿವೆ, ಬ್ರಷ್ ಒಳಗೆ ಹೋಗಲ್ಲ, ವಸಡಿನಲ್ಲಿ ರಕ್ತ ಬರುತ್ತೆ ಅಂದೆ. ಬರೆದುಕೊಂಡರು. ಅಷ್ಟಕ್ಕೆ ಮುಗಿಯಿತು.

ನಮ್ಮಲ್ಲಿ ಹಲ್ಲು ನೆನಪಾಗುವುದು ಕನ್ಯಾ ನೋಡಲು ಬರುವ ಕಾಲಕ್ಕೆ. ನನ್ನ ಚಿಗವ್ವನ ಮಗಳಿಗೆ 22ಕ್ಕೆ ತಂತಿ ಹಾಕಿಸಿದರು. ಕಡಿಮೆ ಅಂದರೂ ಒಂದೂವರೆ ವರ್ಷ ಬೇಕು ಅಂತ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಲಗ್ನ ಗೊತ್ತಾಯಿತು, ಫೋಟೋದಲ್ಲಿ ತಂತಿ ಕಾಣಬಾರದು ಅಂತ ಹತ್ತನೇ ತಿಂಗಳಿಗೇ ಬಿಚ್ಚಿಸಿದರು. ಹಲ್ಲು ಸರಿಯುವುದು ಎಲುಬಿನೊಳಗೆ. ತಂತಿ ಯಾವ ಕಡೆಗೆ ಒತ್ತುತ್ತದೋ ಆ ಕಡೆ ಎಲುಬು ಕರಗಬೇಕು, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಎಲುಬು ಬೆಳೆಯಬೇಕು. ಅವಸರ ಮಾಡಿದರೆ ಆಗಲ್ಲ. ಬಿಚ್ಚಿದ ಮೇಲೂ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳದಿದ್ದರೆ ಹಲ್ಲು ಹಳೆ ಜಾಗಕ್ಕೆ ಹೊರಡುತ್ತವೆ. ಗಂಡನ ಮನೆಯಲ್ಲಿ ದಿನಾ ರಾತ್ರಿ ಅದನ್ನು ಹಾಕಿಕೊಳ್ಳಲು ಅವಳಿಗೆ ನಾಚಿಕೆ, ಡಬ್ಬಿಯಲ್ಲೇ ಉಳಿಯಿತು. ಅವಳ ಕುಬಸದ, ಅಂದರೆ ಸೀಮಂತದ, ಫೋಟೋದಲ್ಲೇ ಮುಂದಿನ ಹಲ್ಲು ಮತ್ತೆ ಓರೆಯಾಗಿದ್ದು ಕಾಣುತ್ತದೆ.

ಇನ್ನು ಗಂಡುಮಕ್ಕಳ ಹಲ್ಲಿನ ಕಡೆ ಯಾರೂ ನೋಡುವುದೇ ಇಲ್ಲ. ನಮ್ಮ ಅಣ್ಣನ ಮಗನಿಗೆ 12. ಮೇಲಿನ ಹಲ್ಲು ತುಟಿ ದಾಟಿ ಮುಂದೆ ಬಂದಿವೆ. ಇಂಥ ಹಲ್ಲಿಗೆ ಏಟು ಬೀಳುವುದು ಜಾಸ್ತಿ, ಹೋದ ವರ್ಷ ಕ್ರಿಕೆಟ್ ಆಡುವಾಗ ಬಿದ್ದು ಒಂದರ ತುದಿ ಮುರಿದುಕೊಂಡ. ಶಾಲೆಯಲ್ಲಿ ಹಲ್ಲುಬ್ಬ ಅಂತ ಕರೆಯುತ್ತಾರಂತೆ. ಹೊಲದಲ್ಲಿ ಫೋಟೋ ತೆಗೆಯುವಾಗ ಮೇಲ್ತುಟಿ ಕೆಳಗೆಳೆದು ಹಲ್ಲು ಮುಚ್ಚಿಕೊಂಡು ನಿಂತಿದ್ದ. ಅಣ್ಣನನ್ನು ಕೇಳಿದರೆ, "ಗಂಡ್ಸ ಅದಾನ ತಗೋ, ಮೀಸಿ ಬಂದ್ರ ಮುಚ್ಚತೈತಿ" ಅಂದ. ನನಗೆ ನಿಜಕ್ಕೂ ಸಿಟ್ಟು ಬಂತು. ದವಡೆ ಇನ್ನೂ ಬೆಳೆಯುತ್ತಿರುವ ಈ ವಯಸ್ಸೇ ತಂತಿಗೆ ಒಳ್ಳೆಯ ವಯಸ್ಸು. ನನಗೂ ಆಗಲೇ ಹಾಕಿಸಬಹುದಿತ್ತು. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಅಂತ ಅಜ್ಜಿ ಹೇಳಿದಳು, ಮನೆಯಲ್ಲಿ ಅದೇ ಕೊನೆ ಮಾತಾಯಿತು.

ದುಡ್ಡು ಇಲ್ಲ ಅಂತಲೂ ಅಲ್ಲ. ಇದೇ ಮನೆಯಲ್ಲಿ ಜವಳದ ಊಟಕ್ಕೆ ಊರೆಲ್ಲ ಕರೆದಿದ್ದರು. ಡಾಕ್ಟರ್ ಸಿಗಲ್ಲ ಅಂತಲೂ ಅಲ್ಲ. ಬಾಗಲಕೋಟೆಯಲ್ಲೇ ನಾಡಗೌಡ ಡೆಂಟಲ್ ಕಾಲೇಜಿದೆ, ವಿಜಯಪುರದಲ್ಲಿ ಅಲ್-ಅಮೀನ್, ಬೆಳಗಾವಿಯಲ್ಲಿ ಕೆಎಲ್‌ಇ. ಹಲ್ಲಿಗೋಸ್ಕರ ಯಾರೂ ಪುಣೆಗೆ ಬರಬೇಕಾಗಿಲ್ಲ.

ಒಂದು ಮಾತು ಮಾತ್ರ ಬರೆಯದೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿದ ಮೇಲೆ ಎರಡು ದಿನ ಏನೂ ಅಗಿಯಲು ಆಗುವುದಿಲ್ಲ. ಎಂಟು ತಿಂಗಳಲ್ಲಿ ಅದು ಇಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ, ಕ್ಯಾಂಟೀನಿನಲ್ಲಿ ಒಬ್ಬಳೇ ಮೊಸರನ್ನ ತಿಂದು ಏಳುತ್ತೇನೆ. ಅವತ್ತು ಹೊಲದಲ್ಲಿ ಆ ಮಾತು ಆಡಿದ ದೊಡ್ಡವ್ವನೇ ನನ್ನ ತಾಟಿನಿಂದ ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿ ತೆಗೆದುಕೊಂಡು, ಮುರಿದು, ಬೇಳೆ ಸಾರಿನಲ್ಲಿ ನೆನೆಯಿಟ್ಟು ಕೊಟ್ಟಳು. ಅಮೀನಗಡದ ಕರದಂಟಿನ ಡಬ್ಬಿ ಬಂದಾಗ, ನಾನು ಬೇಡ ಅನ್ನುವ ಮೊದಲೇ ನನ್ನನ್ನು ದಾಟಿಸಿ ಮುಂದಿನವರಿಗೆ ಕೊಟ್ಟಳು. ಅಂಟು ಹತ್ತಿದರೆ ಬ್ರಾಕೆಟ್ ಕಿತ್ತು ಬರುತ್ತದೆ ಅಂತ ನಾನು ಅವಳಿಗೆ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಜೋಳದ ನುಚ್ಚು, ಮಜ್ಜಿಗೆ ತಯಾರಿತ್ತು. ಪುಣೆಯಲ್ಲಿ ಇದು ಸಿಗಲ್ಲ, ಒಪ್ಪುತ್ತೇನೆ. ಆದರೂ ಅವಳು ಕೇಳಿದ ಮಾತು ಸರಿಯಲ್ಲ.

ಹೊರಡುವ ದಿನ ಅಣ್ಣನ ಹತ್ತಿರ ಮತ್ತೆ ಕೂತೆ. ಮಗನ ಪರೀಕ್ಷೆ ಮುಗಿದ ಮೇಲೆ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದ. ಪರೀಕ್ಷೆ ಯಾವತ್ತು ಮುಗಿಯುತ್ತದೆ ಅಂತ ಹುಡುಗನನ್ನೇ ಕೇಳಿ ಬರೆದುಕೊಂಡಿದ್ದೇನೆ. ಮರುದಿನವೇ ಫೋನ್ ಮಾಡುತ್ತೇನೆ.